ಹೊಟ್ಟೆಯೊಳಗಿನ ಬಲೂನು

ಚೀನಾ ಸರ್ಕಾರ 2024ರಲ್ಲಿ ತೂಕ ನಿಯಂತ್ರಣಕ್ಕೆಂದೇ ಮೂರು ವರ್ಷಗಳ ಅಭಿಯಾನ ಶುರುಮಾಡಿತು. ಅಲ್ಲಿನ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ತೂಕ ಮಿತಿ ಮೀರಿದೆ ಎಂದು 2020ರ ಸರ್ಕಾರಿ ವರದಿಯೇ ಹೇಳಿತ್ತು. ಈ ಸುದ್ದಿ ಓದಿದವರೊಬ್ಬರು ಕೇಳಿದ್ದಾರೆ: ತೂಕ ಇಳಿಸಲು ಹೊಟ್ಟೆಯೊಳಗೆ ಬಲೂನು ಇಡುತ್ತಾರಂತೆ, ಹೌದೇ?

ಹೌದು, ಅದೂ ನಾಲ್ಕು ದಶಕಗಳಿಂದ. ಈ ಉಪಾಯ ಹೊಳೆದದ್ದು ಕೂದಲಿನ ಉಂಡೆಯಿಂದ. ಕೂದಲು ನುಂಗುವ ಚಟವಿರುವ ಕೆಲವರ ಜಠರದಲ್ಲಿ ಆ ಕೂದಲು ಉಂಡೆಗಟ್ಟಿ ಕೂರುತ್ತದೆ. ಊಟ ಸೇರದೆ ಅವರು ಸೊರಗುತ್ತಾರೆ. ಅಂಥದೊಂದು ಉಂಡೆಯನ್ನು ಬೇಕೆಂದೇ ಇಟ್ಟರೆ ಹೇಗೆ ಎಂದು 1982ರಲ್ಲಿ ಯೋಚಿಸಿದವರು ಡೆನ್ಮಾರ್ಕಿನ ನೀಬೆನ್ ಮತ್ತು ಹಾರ್ಬೊ. ಅಮೆರಿಕದಲ್ಲಿ ಆತುರ ಹೆಚ್ಚು. 1985ರಲ್ಲೇ 220 ಮಿ.ಲೀ. ಗಾಳಿಯ ‘ಗ್ಯಾರೆನ್-ಎಡ್ವರ್ಡ್ಸ್ ಬಬಲ್’ ಅನುಮತಿ ಪಡೆದು ಮಾರುಕಟ್ಟೆಗೆ ಬಂತು. ಸರಿಯಾಗಿ ಹೋಲಿಸಿ ನೋಡಿದಾಗ, ಬರೀ ಪಥ್ಯ ಮಾಡಿದವರ ತೂಕವೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು! ಜೊತೆಗೆ ಜಠರದ ಹುಣ್ಣು. ಗಾಳಿ ಹೋದ ಬಲೂನು ಕರುಳಿಗೆ ಜಾರಿ ಅಡ್ಡ ಕೂರುವ ಅಪಾಯ. 1988ರ ಹೊತ್ತಿಗೆ ಮಾರಾಟ ನಿಂತಿತು.

ಆಮೇಲೆ ಬಂದದ್ದು ನುಣುಪಾದ ಸಿಲಿಕೋನ್ ಚೆಂಡು. ಎಂಡೋಸ್ಕೋಪಿ ಮಾಡಿ ಒಳಗಿಳಿಸಿ, 400ರಿಂದ 700 ಮಿ.ಲೀ. ಸಲೈನ್ ತುಂಬುತ್ತಾರೆ. ಅದಕ್ಕೆ ಮೆಥಿಲಿನ್ ಬ್ಲೂ ಎಂಬ ಬಣ್ಣ ಬೆರೆಸಿರುತ್ತಾರೆ. ಬಲೂನು ಸೋರಿದರೆ ಮೂತ್ರ ನೀಲಿ-ಹಸಿರಾಗಿ ಗುಟ್ಟು ರಟ್ಟಾಗುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿದ ಹಾಗೆ ಎಂದು ಬಲೂನು ತೂಕ ಇಳಿಸುವ ಬಗೆಯನ್ನು ವಿವರಿಸಬಹುದು, ಆದರೆ ಅದು ಅರ್ಧ ಸತ್ಯ. ಜಠರ ಹಿಗ್ಗುವ ಚೀಲ. ಜಾಗ ಹಿಡಿಯುವುದಕ್ಕಿಂತ, ಉಂಡದ್ದು ಕರುಳಿಗೆ ಇಳಿಯುವುದನ್ನು ತಡಮಾಡುವುದೇ ಬಲೂನಿನ ಮುಖ್ಯ ಕೆಲಸವಿರಬೇಕು. ಮೊದಲ ಮೂರ್ನಾಲ್ಕು ದಿನ ಹೊಟ್ಟೆ ತೊಳಸು, ವಾಂತಿ ಸಾಮಾನ್ಯ. ತಡೆಯಲಾರದೆ ತೆಗೆಸಿಕೊಂಡವರೂ ಇದ್ದಾರೆ.

ಚೀನೀಯರಲ್ಲಿ ಇದರ ಫಲವೇನೆಂದು ಹಾಂಗ್‌ಕಾಂಗ್ ವೈದ್ಯರು 2006ರಲ್ಲೇ ಪ್ರಕಟಿಸಿದ್ದರು. ಅವರನ್ನು ಪ್ರತ್ಯೇಕವಾಗಿ ನೋಡಬೇಕಾದ ಕಾರಣ ಸ್ವಾರಸ್ಯದ್ದು. ಚೀನಾದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 28 ಮುಟ್ಟಿದರೆ ಬೊಜ್ಜು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಗೆರೆ 30. 170 ಸೆಂ.ಮೀ. ಎತ್ತರದ ಗಂಡಸು 81 ಕೆ.ಜಿ. ಮುಟ್ಟಿದರೆ ಬೀಜಿಂಗಿನಲ್ಲಿ ಬೊಜ್ಜಿನ ರೋಗಿ, ಡೆನ್ಮಾರ್ಕಿನಲ್ಲಿ 86ರವರೆಗೂ ಬಚಾವ್. ಪೂರ್ವ ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡು ಸಕ್ಕರೆ ಕಾಯಿಲೆ ಬರುತ್ತದೆ. (ಭಾರತದ ಗೆರೆ ಇನ್ನೂ ಕೆಳಗೆ, 25.) ಹೊಟ್ಟೆ ಕೊಯ್ಯುವಷ್ಟು ದಪ್ಪವಲ್ಲದ, ಹಾಗೆಂದು ಬಿಡುವಂತೆಯೂ ಇಲ್ಲದ ಇಂಥವರಿಗೇ ಬಲೂನು ಹೊಂದುವುದು.

ಬಲೂನಿನ ಜಾಹೀರಾತಿನ ಅಬ್ಬರ ನನಗೆ ಹಿಡಿಸುವುದಿಲ್ಲ. ಆರು ತಿಂಗಳಲ್ಲಿ ದೇಹತೂಕದ ಸುಮಾರು ಹತ್ತನೇ ಒಂದು ಭಾಗ ಇಳಿಯಬಹುದು. ಆಮೇಲೆ ಬಲೂನು ತೆಗೆಯಲೇಬೇಕು. ಊಟ ಹಳೇ ದಾರಿ ಹಿಡಿದರೆ ತೂಕವೂ ಹಿಡಿಯುತ್ತದೆ. ಅಪರೂಪಕ್ಕೆ ಮೇದೋಜೀರಕ ಗ್ರಂಥಿ ಊದಿಕೊಂಡದ್ದು, ಜಠರ ತೂತಾದದ್ದು, ಸಾವು ಸಂಭವಿಸಿದ್ದೂ ಉಂಟು. ಬಲೂನು ಹಾಕಿಸಿಕೊಂಡವರಿಗೆ ಹೊಟ್ಟೆ ವಿಪರೀತ ನೋಯತೊಡಗಿದರೆ, ಇಲ್ಲವೇ ಮೂತ್ರದ ಬಣ್ಣ ಬದಲಾದರೆ, ನಾಳೆಗೆ ಕಾಯದೆ ಅಂದೇ ವೈದ್ಯರ ಬಳಿ ಹೋಗಿ.