ತಪ್ಪು ಉತ್ತರದ ಹಿಂದಿನ ಲೆಕ್ಕ

42ರಲ್ಲಿ 17 ಹೋದರೆ ಎಷ್ಟು ಎಂದು ಕೇಳಿದರೆ ಮೂರನೆಯ, ನಾಲ್ಕನೆಯ ತರಗತಿಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಶನಿವಾರ ಮಧ್ಯಾಹ್ನ ಪಾಠ ಹೇಳಿಕೊಡಲು ಬಂದ ಕಾಲೇಜು ವಿದ್ಯಾರ್ಥಿಗೆ ಮೊದಲು ಅನ್ನಿಸುವುದು ಮಗುವಿಗೆ ಗಮನವಿಲ್ಲ ಎಂದು. ಆದರೆ ಅದೇ ಮಗುವಿಗೆ ಇನ್ನೆರಡು ಲೆಕ್ಕ ಕೊಟ್ಟು ನೋಡಬೇಕು. 61ರಲ್ಲಿ 38 ಹೋದರೆ 37 ಎನ್ನುತ್ತದೆ, 53ರಲ್ಲಿ 29 ಹೋದರೆ 36. ಉತ್ತರ ಮೂರೂ ತಪ್ಪು, ಆದರೆ ತಪ್ಪು ಒಂದೇ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಬರುವುದಿಲ್ಲ, ಹಾಗಾಗಿ ಮಗು ತಿರುಗಿಸಿ 7ರಿಂದ 2 ಕಳೆದು 5 ಬರೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಒಂದನೆಯ ತರಗತಿಯಲ್ಲಿ ಕಲಿತದ್ದನ್ನು ಅದು ಚಾಚೂ ತಪ್ಪದೆ ಪಾಲಿಸುತ್ತಿದೆ. ಮಕ್ಕಳ ಇಂಥ ತಪ್ಪುಗಳು ಮನಬಂದಂತೆ ಆಗುವುದಿಲ್ಲ, ಅವುಗಳ ಹಿಂದೆ ಒಂದು ನಿಯಮವಿರುತ್ತದೆ ಎಂಬುದನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲೇ ವಿವರವಾಗಿ ತೋರಿಸಿದ್ದರು. 'ಈ ಮಗು ದಡ್ಡ' ಎನ್ನುವ ತೀರ್ಪು ಕರಗಿ 'ಈ ಮಗು ಹೀಗೇಕೆ ಮಾಡಿತು' ಎನ್ನುವ ಪ್ರಶ್ನೆ ಹುಟ್ಟುವ ಗಳಿಗೆ ಇದೆಯಲ್ಲ, ಮಕ್ಕಳ ಜೊತೆ ಸ್ವಯಂಸೇವೆ ಮಾಡುವ ಕಾಲೇಜು ವಿದ್ಯಾರ್ಥಿಗೆ ಸಿಗಬಹುದಾದ ನಿಜವಾದ ಲಾಭ ಅದು ಎಂಬುದು ನನ್ನ ವಾದ. ಅದು ಒಂದು ದಿನದ ಭೇಟಿಯಲ್ಲಿ ಸಿಗುವುದಿಲ್ಲ.

ನಮ್ಮಲ್ಲಿ ಬಹುಪಾಲು ನಡೆಯುವುದು ಒಂದು ದಿನದ ಭೇಟಿಯೇ. ಹುಟ್ಟುಹಬ್ಬದ ದಿನ ಗೆಳೆಯರೊಡನೆ ಆಶ್ರಮಕ್ಕೆ ಹೋಗಿ ಕೇಕ್ ಕತ್ತರಿಸುವುದು, ನೋಟ್‌ಬುಕ್ಕು, ಪೆನ್ಸಿಲ್ ಡಬ್ಬಿ ಹಂಚುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದು. ಹೋದವರ ಮನಸ್ಸು ಒಳ್ಳೆಯದೇ, ಅದರ ಬಗ್ಗೆ ಅನುಮಾನವಿಲ್ಲ. ವಾಪಸು ಬರುವಾಗ ಅವರ ಬಾಯಲ್ಲಿ ಬರುವ ಮಾತು ಮಾತ್ರ ಸಾಮಾನ್ಯವಾಗಿ ಒಂದೇ: 'ನಾವು ಎಷ್ಟು ಪುಣ್ಯವಂತರು ಅಂತ ಗೊತ್ತಾಯ್ತು.' ಈ ಮಾತಿನಲ್ಲಿ ಕೃತಜ್ಞತೆ ಇದೆ, ಆದರೆ ಮಗುವಿನ ಬಗ್ಗೆ ಒಂದು ಹೊಸ ವಿಷಯವೂ ಇಲ್ಲ. ಕೊಡುವವರು ಇಲ್ಲಿ, ತೆಗೆದುಕೊಳ್ಳುವವರು ಅಲ್ಲಿ ಎಂಬ ಅಂತರ ಹೋಗುವಾಗ ಎಷ್ಟಿತ್ತೋ ಬರುವಾಗಲೂ ಅಷ್ಟೇ ಇರುತ್ತದೆ. ಕನಿಕರಕ್ಕೆ ಆ ಅಂತರ ಬೇಕೇ ಬೇಕು, ಅದಿಲ್ಲದೆ ಕನಿಕರ ನಿಲ್ಲುವುದಿಲ್ಲ.

ಅಂತರ ಕಡಿಮೆಯಾಗುವುದು ಹೇಗೆ ಎಂಬುದಕ್ಕೆ ದೆಹಲಿಯ ಶಾಲೆಗಳಿಂದ ಒಂದು ಗಟ್ಟಿ ಸಾಕ್ಷ್ಯ ಸಿಕ್ಕಿದೆ. ರಿಯಾಯಿತಿ ದರದಲ್ಲಿ ಸರ್ಕಾರಿ ಜಮೀನು ಪಡೆದ ಖಾಸಗಿ ಶಾಲೆಗಳು ಬಡ ಕುಟುಂಬದ ಮಕ್ಕಳಿಗೆ ಸೀಟು ಮೀಸಲಿಡಬೇಕು ಎಂಬ ನಿಯಮ 2007ರಲ್ಲಿ ಅಲ್ಲಿ ಜಾರಿಗೆ ಬಂತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಆ ಶಾಲೆಗಳ ಸಿರಿವಂತ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಡ ಸಹಪಾಠಿಗಳ ಜೊತೆ ಓದಿದ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸಿಕೊಳ್ಳಬೇಕಾದಾಗ, ವೇಗವಾಗಿ ಓಡುವ ಬಡ ಹುಡುಗನನ್ನು ಬಿಟ್ಟು ನಿಧಾನವಾಗಿ ಓಡುವ ಸಿರಿವಂತನನ್ನು ಆರಿಸುವ ಚಾಳಿ ಅವರಲ್ಲಿ ಕಡಿಮೆ ಇತ್ತು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಸೂಕ್ಷ್ಮ. ಕೆಲವು ಶಾಲೆಗಳಲ್ಲಿ ಹೆಸರಿನ ಅಕ್ಷರಕ್ರಮದ ಪ್ರಕಾರ ಓದಿನ ಗುಂಪುಗಳನ್ನು ಮಾಡುತ್ತಿದ್ದರು. ಹೀಗಾಗಿ ಯಾರ ಗುಂಪಿನಲ್ಲಿ ಬಡ ಮಗು ಬಂತು, ಯಾರ ಗುಂಪಿನಲ್ಲಿ ಬರಲಿಲ್ಲ ಎಂಬುದು ಆಕಸ್ಮಿಕ. ಆ ಗುಂಪುಗಳನ್ನು ಹೋಲಿಸಿದಾಗ, ಬದಲಾವಣೆಗೆ ಮುಖ್ಯ ಕಾರಣ ಒಟ್ಟಿಗೆ ಕುಳಿತು ಕೆಲಸ ಮಾಡಿದ್ದು ಎಂದು ತಿಳಿದುಬಂತು. ಒಂದೇ ಕೋಣೆಯಲ್ಲಿದ್ದ ಮಾತ್ರಕ್ಕೆ ನೋಟ ಬದಲಾಗುವುದಿಲ್ಲ, ಒಂದೇ ಪುಸ್ತಕದ ಮೇಲೆ ಇಬ್ಬರೂ ಬಗ್ಗಬೇಕು.

ಅವರು ಶಾಲೆಯ ಮಕ್ಕಳು, ಕಾಲೇಜು ಮುಟ್ಟುವ ಹೊತ್ತಿಗೆ ಅಭಿಪ್ರಾಯಗಳು ಗಟ್ಟಿಯಾಗಿರುತ್ತವೆ ಎನ್ನಬಹುದು. ಇದಕ್ಕೂ ಒಂದು ಉತ್ತರವಿದೆ. ಅಮೆರಿಕದಲ್ಲಿ 1990ರಿಂದ ನಡೆಯುತ್ತಿರುವ 'ಟೀಚ್ ಫಾರ್ ಅಮೆರಿಕ' ಯೋಜನೆಯಲ್ಲಿ ಪದವಿ ಮುಗಿಸಿದ ಯುವಕ ಯುವತಿಯರು ಎರಡು ವರ್ಷ ಹಿಂದುಳಿದ ಪ್ರದೇಶದ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಆಯ್ಕೆಯಲ್ಲಿ ಕೂದಲೆಳೆಯಷ್ಟರಲ್ಲಿ ಗೆದ್ದವರನ್ನೂ ಕೂದಲೆಳೆಯಷ್ಟರಲ್ಲಿ ಸೋತವರನ್ನೂ ಸಿಸಿಲಿಯಾ ಮೋ ಮತ್ತು ಕ್ಯಾಥರೀನ್ ಕಾನ್ ಹೋಲಿಸಿ 2018ರಲ್ಲಿ ಬರೆದರು. ಈ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರದವರು, ವ್ಯತ್ಯಾಸ ಆ ಎರಡು ವರ್ಷದ್ದು ಮಾತ್ರ. ಪಾಠ ಮಾಡಿ ಬಂದವರು ಬಡತನಕ್ಕೆ ಆಯಾ ವ್ಯಕ್ತಿಯ ಸೋಮಾರಿತನಕ್ಕಿಂತ ವ್ಯವಸ್ಥೆಯ ಅನ್ಯಾಯವೇ ಕಾರಣ ಎಂದು ನಂಬುವುದು ಹೆಚ್ಚಾಗಿತ್ತು, ಅವರಲ್ಲಿ ಪೂರ್ವಗ್ರಹವೂ ಕಡಿಮೆಯಿತ್ತು. ಎರಡು ವರ್ಷದ ಪೂರ್ಣಾವಧಿ ಕೆಲಸವನ್ನು ವಾರಕ್ಕೆರಡು ಗಂಟೆಯ ಸೇವೆಗೆ ಸಮ ಮಾಡುವಂತಿಲ್ಲ, ನಿಜ. ಆದರೂ ಇಪ್ಪತ್ತರ ಆಸುಪಾಸಿನಲ್ಲಿ ನೋಟ ಬದಲಾಗುವುದಿಲ್ಲ ಎಂಬ ಮಾತನ್ನು ಅದು ಸುಳ್ಳು ಮಾಡುತ್ತದೆ.

ವ್ಯವಸ್ಥೆ ಎಂಬ ದೊಡ್ಡ ಪದ ನಮ್ಮ ಊರಿನ ಶಾಲೆಯಲ್ಲಿ ಹೇಗೆ ಕಾಣುತ್ತದೆ ಎಂದು ನೋಡೋಣ. 'ಸೂರ್ಯ' ಎಂಬ ಪದವನ್ನೇ ತೆಗೆದುಕೊಳ್ಳಿ. ಕಾಗದದ ಮೇಲೆ ಎಡದಿಂದ ಬಲಕ್ಕೆ ಕಾಣುವುದು ಸೂ, ಆಮೇಲೆ ಯ, ಅದರ ಪಕ್ಕದಲ್ಲಿ ಅರ್ಕಾವತ್ತಿನ ಗುರುತು. ಆದರೆ ಉಚ್ಚರಿಸುವಾಗ ರಕಾರ ಮೊದಲು, ಯಕಾರ ಆಮೇಲೆ. ಕಂಡ ಕ್ರಮದಲ್ಲೇ ಓದುವ ಮಗು ಇಲ್ಲಿ ಎಡವುತ್ತದೆ. ಇಷ್ಟು ಪ್ರಾಮಾಣಿಕವಾಗಿ ಓದಿದ್ದಕ್ಕೆ ಅದಕ್ಕೆ ಸಿಗುವುದು ಬೈಗುಳ. ಓದು ನೀರು ಕುಡಿದಷ್ಟು ಸಲೀಸಾದ ಕಾಲೇಜು ವಿದ್ಯಾರ್ಥಿಗೆ ತಾನೂ ಒಮ್ಮೆ ಈ ಕಲ್ಲಿಗೆ ಎಡವಿದ್ದೆ, ಯಾರೋ ಕೈಹಿಡಿದು ದಾಟಿಸಿದ್ದರು ಎಂಬುದು ಮರೆತೇ ಹೋಗಿರುತ್ತದೆ. ಇನ್ನು ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿರುವ ಮಕ್ಕಳನ್ನು ನೋಡಿ. ಯಾದಗಿರಿ, ರಾಯಚೂರು ಕಡೆಯಿಂದ ಅಪ್ಪ ಅಮ್ಮನ ಜೊತೆ ಗುಳೆ ಬಂದವರು. ಅವರ ಮನೆಯ ಮಾತಿನಲ್ಲಿ 'ಹೋಗ್ಯಾನ', ಪುಸ್ತಕದಲ್ಲಿ 'ಹೋಗಿದ್ದಾನೆ'. ತಾಂಡಾದಿಂದ ಬಂದ ಮಗುವಿಗೆ ಮನೆಮಾತು ಲಂಬಾಣಿ, ಅದಕ್ಕೆ ಎರಡೂ ಕನ್ನಡ ಹೊಸತು. ಸುಗ್ಗಿ ಮುಗಿದ ಮೇಲೆ ಊರು ಬಿಟ್ಟು ಮಳೆಗಾಲಕ್ಕೆ ವಾಪಸಾಗುವ ಮನೆಯ ಮಗುವಿಗೆ ಶಾಲೆಯ ವರ್ಷ ಅರ್ಧದಲ್ಲೇ ಮುರಿಯುತ್ತದೆ, ದಶಕ ಪಡೆದು ಕಳೆಯುವ ಲೆಕ್ಕ ಹೇಳಿಕೊಟ್ಟ ದಿನ ಅದು ತರಗತಿಯಲ್ಲಿ ಇದ್ದಿರಲಿಕ್ಕೇ ಇಲ್ಲ. ಹೀಗೆ ಒಂದೊಂದೇ ತಪ್ಪಿನ ಬೆನ್ನು ಹತ್ತಿ ಹೋದ ವಿದ್ಯಾರ್ಥಿಗೆ, ತಾನು 'ನನ್ನ ಬುದ್ಧಿ' ಎಂದುಕೊಂಡದ್ದರಲ್ಲಿ ಮುರಿಯದ ಹತ್ತು ಶಾಲಾವರ್ಷಗಳ ಪಾಲು ಎಷ್ಟು ಎಂಬ ಲೆಕ್ಕ ತಾನಾಗಿ ಸಿಗುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಯಾರದೋ ದೃಷ್ಟಿ ವಿಶಾಲವಾಗಲಿ ಎಂದು ಮಕ್ಕಳನ್ನು ಪಾಠದ ಸಾಮಗ್ರಿಯಾಗಿ ಬಳಸುವುದು ಸರಿಯೇ? ಮಕ್ಕಳಿಗೆ ಪ್ರಯೋಜನವಾಗದಿದ್ದರೆ ಖಂಡಿತ ಸರಿಯಲ್ಲ. ಆದರೆ ಪ್ರಯೋಜನ ಆಗಬಲ್ಲದು ಎಂಬುದಕ್ಕೆ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಉದಾಹರಣೆ ಇದೆ. 'ಪ್ರಥಮ್' ಸಂಸ್ಥೆ ಅಲ್ಲಿ ಊರಿನ ಯುವಜನರಿಗೆ ಕೆಲವೇ ದಿನದ ತರಬೇತಿ ಕೊಟ್ಟು ಓದಿನ ಶಿಬಿರ ನಡೆಸಲು ಹಚ್ಚಿತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅದನ್ನು ಅಳೆದು ನೋಡಿದರು. ಶಿಬಿರಕ್ಕೆ ಬಂದ ಮಕ್ಕಳ ಓದು ಸ್ಪಷ್ಟವಾಗಿ ಸುಧಾರಿಸಿತ್ತು. ಬಂದವರು ಮಾತ್ರ ಆ ಊರುಗಳ ಮಕ್ಕಳಲ್ಲಿ ಶೇಕಡಾ 8ರಷ್ಟು. ತರಬೇತಿ ಪಡೆದ ಯುವಕನಿಗೆ ಮಗುವಿಗೆ ಓದು ಕಲಿಸಲು ಆಗುತ್ತದೆ ಎಂಬುದು ಒಂದು ಪಾಠವಾದರೆ, ತೀರಾ ಅಗತ್ಯವಿರುವ ಮಗು ತಾನಾಗಿ ಬಂದು ಕೂರುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಎಂಬುದು ಇನ್ನೊಂದು.

ಬಾಲಮಂದಿರ, ಆಶ್ರಮಗಳ ಮಾತು ಬೇರೆ. ಅಪ್ಪ ಅಮ್ಮನಿಂದ ದೂರವಾದ ಮಗುವಿಗೆ 'ಅಕ್ಕ ಮುಂದಿನ ವಾರ ಬರ್ತಾಳೆ' ಎನ್ನುವುದು ಸಣ್ಣ ಮಾತಲ್ಲ. ಮೂರು ಸಲ ಬಂದು, ಮುದ್ದು ಮಾಡಿ, ಪರೀಕ್ಷೆ ಶುರುವಾಯಿತೆಂದು ಹೇಳದೆ ಕೇಳದೆ ಮಾಯವಾಗುವ ಅಕ್ಕ ಅಣ್ಣಂದಿರ ಸಾಲು ಆ ಮಗುವಿಗೆ ಕಲಿಸುವುದು ಯಾರನ್ನೂ ನೆಚ್ಚಬೇಡ ಎಂದು. ಇಂಥ ಕಡೆ ವರ್ಷವಿಡೀ ಬರಲಾಗದವರು ಮಕ್ಕಳ ಬಳಿ ಹೋಗದೆ, ಗ್ರಂಥಾಲಯ ಜೋಡಿಸುವುದು, ಪುಸ್ತಕಕ್ಕೆ ಬೈಂಡು ಹಾಕುವುದು ಇಂಥ ಕೆಲಸ ಮಾಡುವುದೇ ವಾಸಿ. ಫೋಟೊ ತೆಗೆದು ಹಂಚಿಕೊಳ್ಳುವುದಂತೂ ಕೂಡದು. ರಕ್ಷಣೆ, ಪೋಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮೇ ನಿಷೇಧಿಸಿದೆ.

ಕಲಿಸುವುದು ಸರ್ಕಾರದ ಹೊಣೆ, ಸ್ವಯಂಸೇವಕರು ಅದನ್ನು ಹೊತ್ತರೆ ಸರ್ಕಾರ ಜಾರಿಕೊಳ್ಳುತ್ತದೆ ಎಂದು ಹೇಳುವವರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಹೊಣೆ ಯಾರದೆಂಬುದರಲ್ಲಿ ಗೊಂದಲವಿಲ್ಲ. ಆದರೆ ಹೊಣೆಯನ್ನು ನೆನಪಿಸಲು ಪರಿಸ್ಥಿತಿ ಗೊತ್ತಿರುವ ನಾಗರಿಕರು ಬೇಕು. ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಕಳೆಯುವ ಲೆಕ್ಕವನ್ನಾದರೂ ಮಾಡಬಲ್ಲವರು ಶೇಕಡಾ 33.7 ಎಂದು 2024ರ 'ಅಸರ್' ಶಿಕ್ಷಣ ಸಮೀಕ್ಷೆಯ ವರದಿ ಹೇಳಿತು. ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇಕಡಾ 48.8. ಈ ಅಂಕಿಗಳನ್ನು ಮನೆಮನೆಗೆ ಹೋಗಿ ಕಲೆಹಾಕುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇರುತ್ತಾರೆ. ಪತ್ರಿಕೆಯಲ್ಲಿ ಇದನ್ನು ಓದಿ ಪುಟ ತಿರುಗಿಸುವವನಿಗೂ, ಹತ್ತು ಶನಿವಾರ ಒಂದು ಮಗುವಿನ ಜೊತೆ 42ರಲ್ಲಿ 17 ಕಳೆದವನಿಗೂ ಆ ಅಂಕಿ ಒಂದೇ ಥರ ಕಾಣುವುದಿಲ್ಲ. ಮುಂದೆ ಅವನೇ ಪೋಷಕನಾಗುತ್ತಾನೆ, ಪಂಚಾಯಿತಿ ಸದಸ್ಯನೂ ಅಧಿಕಾರಿಯೂ ಆಗಬಹುದು.

ಅಂಕಕ್ಕಾಗಿ, ಪ್ರಮಾಣಪತ್ರಕ್ಕಾಗಿ ಮಾಡುವ ಸೇವೆಯಿಂದ ಏನು ಬಂದೀತು ಎಂಬ ಪ್ರಶ್ನೆಯೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈಗ ನೂರು ಚಟುವಟಿಕೆ ಅಂಕ ಗಳಿಸಬೇಕು. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್‌ಎಸ್‌ಎಸ್) ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ದೆಹಲಿಯ ಆ ಸಿರಿವಂತ ಮಕ್ಕಳೂ ಬಡ ಸಹಪಾಠಿಯನ್ನು ತಾವಾಗಿ ಕೇಳಿ ಪಡೆದವರಲ್ಲ, ಹಾಗಾಗಿ ಕಡ್ಡಾಯ ಎಂಬುದು ನನಗೆ ಅಷ್ಟು ದೊಡ್ಡ ದೋಷವಾಗಿ ಕಾಣುವುದಿಲ್ಲ. ಗಂಟೆಗಳನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದೇ ಮುಖ್ಯ. 120 ಗಂಟೆಯನ್ನು ಗಿಡ ನೆಡುವ ಒಂದು ದಿನ, ಜಾಥಾದ ಒಂದು ದಿನ ಎಂದು ಚೂರು ಮಾಡುವ ಬದಲು, ಅದರಲ್ಲಿ ಅರವತ್ತನ್ನಾದರೂ ಒಂದೇ ಶಾಲೆಯ ಅಥವಾ ಪಂಚಾಯಿತಿ ಗ್ರಂಥಾಲಯದ ಅದೇ ನಾಲ್ಕೈದು ಮಕ್ಕಳಿಗೆ ಕೊಡಬಹುದು. ವಾರಕ್ಕೆರಡು ಗಂಟೆಯಂತೆ ಮೂವತ್ತು ವಾರ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಮನೆಗೆ ಮೊದಲ ಪದವೀಧರರಾಗಲಿರುವವರೂ ಬಹಳ ಮಂದಿ ಇದ್ದಾರೆ. ಅವರಿಗೆ ಬಡತನ ತೋರಿಸಬೇಕಾಗಿಲ್ಲ. ಆದರೆ ತಾವು ದಾಟಿ ಬಂದ ದಾರಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವ ವಿದ್ಯೆ ಎಂದು ಅವರಿಗೆ ತಿಳಿಯುವುದು ಇಂಥ ಕಡೆಯೇ. ಮಗು 'ಹೋಗ್ಯಾನ' ಎಂದರೆ ಅವರಿಗೆ ಮಾತ್ರ ಅದು ತಪ್ಪಾಗಿ ಕೇಳಿಸುವುದಿಲ್ಲ.

ಮೊದಲ ದಿನವೇ ಮಕ್ಕಳಿಗೆ 'ಮಾರ್ಚಿವರೆಗೆ ಬರುತ್ತೇನೆ' ಎಂದು ಹೇಳಿಬಿಡಬೇಕು, ಮಾರ್ಚಿವರೆಗೆ ಬರಲೂಬೇಕು. ತರಗತಿಯ ಶಿಕ್ಷಕರನ್ನು ಕೇಳಿ ಅವರು ಎಲ್ಲಿ ಬಿಟ್ಟಿದ್ದಾರೋ ಅಲ್ಲಿಂದ ಹಿಡಿಯಬೇಕು. ಪ್ರತಿ ವಾರ ಮಗು ಮಾಡಿದ ತಪ್ಪನ್ನು ಇದ್ದ ಹಾಗೇ ಬರೆದಿಡಲು ಒಂದು ನೋಟ್‌ಬುಕ್ಕು ಬೇಕು. ವರ್ಷ ಮುಗಿದಾಗ ಅದು ಮುಂದಿನ ಬ್ಯಾಚಿನ ವಿದ್ಯಾರ್ಥಿಯ ಕೈಗೆ ಹೋಗಬೇಕು, ಒಂದು ಪ್ರತಿ ಶಿಕ್ಷಕರಿಗೆ. ಅದರ ಕೊನೆಯ ಪುಟದಲ್ಲಿ 'ಗಣಿತದಲ್ಲಿ ಹಿಂದೆ' ಎಂದು ಬರೆಯಲು ಅರ್ಧ ನಿಮಿಷ ಸಾಕು. 'ದಶಕ ಪಡೆಯುವುದು ಈಗ ಬರುತ್ತದೆ, ಮೇಲಿನ ಸಂಖ್ಯೆಯಲ್ಲಿ ಸೊನ್ನೆ ಇದ್ದರೆ ಮಾತ್ರ ಹಳೆಯ ದಾರಿ ಹಿಡಿದು 50ರಲ್ಲಿ 23 ಹೋದರೆ 33 ಎನ್ನುತ್ತಾಳೆ, ಜೂನಿನಲ್ಲಿ ಇಲ್ಲಿಂದ ಶುರು ಮಾಡಿ' ಎಂದು ಬರೆಯಲು ಒಂದು ವರ್ಷ ಬೇಕು.