ಕರದಂಟಿನ ಪಾಕವೂ ಗಣಕದ ಪಾಠವೂ

ಎಂಜಿನಿಯರಿಂಗ್ ಓದುವ ನಮ್ಮ ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಪ್ರೋಗ್ರಾಂ ಬರೆಯಲು ಬರುತ್ತದೆ. ಬರೆದದ್ದು ಬಳಕೆಗೆ ಸಿದ್ಧವಾಗುವ ಬಗೆ ತಿಳಿದಿರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯುವಕ ಯುವತಿಯರಿಗೆ ಕೆಲವು ವರ್ಷಗಳಿಂದ ರಜಾದಿನಗಳಲ್ಲಿ ಪಾಠ ಹೇಳುತ್ತ ಬಂದಿರುವ ನಾನು ಕಂಡುಕೊಂಡ ಸಂಗತಿಯಿದು. ಉದ್ಯೋಗದ ಸಂದರ್ಶನಗಳಲ್ಲಿ ಅವರು ತಡವರಿಸುವುದೂ ಬಹಳಷ್ಟು ಸಲ ಇಲ್ಲಿಯೇ.

ತಂತ್ರಾಂಶವೆಂಬುದು ಸಾಮಾನ್ಯವಾಗಿ ಒಂದೇ ಕಡತದಲ್ಲಿ ಇರುವುದಿಲ್ಲ. ಹತ್ತಾರು, ನೂರಾರು ಕಡತಗಳನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದು, ಬೇರೆಯವರು ಬರೆದ ಲೈಬ್ರರಿಗಳೊಂದಿಗೆ ಜೋಡಿಸಿ, ಪರೀಕ್ಷಿಸಿ, ಕೊನೆಗೆ ಒಂದಾಗಿ ಕಟ್ಟಬೇಕಾಗುತ್ತದೆ. ಈ ಇಡೀ ಸರಣಿಗೆ ‘ಬಿಲ್ಡ್’ ಎಂದು ಹೆಸರು. ಪ್ರತಿ ಸಲವೂ ಇದನ್ನು ಕೈಯಿಂದಲೇ ಮಾಡಹೊರಟರೆ ಯಾವುದಾದರೊಂದು ಹಂತ ತಪ್ಪುತ್ತದೆ. ಈ ಹೊರೆಯನ್ನು ಯಂತ್ರಕ್ಕೇ ವಹಿಸುವ ಸಲುವಾಗಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ‘ಮೇಕ್’ ಎಂಬ ಸಾಧನವನ್ನು ರೂಪಿಸಿದರು. ಅದಕ್ಕಾಗಿ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಅವರಿಗೆ ಸಂದಿತು. ಜಾವಾ ಬಳಸುವವರ ನಡುವೆ ಜನಪ್ರಿಯವಾಗಿರುವ ಮೇವನ್, ಗ್ರೇಡಲ್‌ಗಳು ಅದರ ನಂತರದ ಪೀಳಿಗೆಯ ಸಾಧನಗಳು.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಆರನೇ ಸೆಮಿಸ್ಟರ್‌ನ ಆಯ್ಕೆ ವಿಷಯಗಳಲ್ಲಿ ಒಂದಾಗಿ ಡೆವ್‌ಆಪ್ಸ್ ಪ್ರಯೋಗಾಲಯವನ್ನು ಸೇರಿಸಿದೆ. ಮೇವನ್ ಮತ್ತು ಗ್ರೇಡಲ್ ಅದರ ಮೊದಲ ಪಾಠಗಳು. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ 1996ರಿಂದಲೇ ಎಂಜಿನಿಯರಿಂಗ್ ಕಾಲೇಜಿದೆ. ಅಂದರೆ ಈ ವಿದ್ಯೆ ಬೆಂಗಳೂರಿನ ಸ್ವತ್ತಾಗಿ ಉಳಿಯದೆ ನಮ್ಮ ಬಾಗಿಲಿಗೇ ಬಂದಿದೆ. ಇದು ಸ್ವಾಗತಾರ್ಹ. ಆದರೆ ಕೈಪಿಡಿಯಲ್ಲಿರುವ ಆದೇಶಗಳನ್ನು ಯಥಾವತ್ತಾಗಿ ಟೈಪ್ ಮಾಡಿ, ತೆರೆಯ ಮೇಲೆ ‘ಬಿಲ್ಡ್ ಸಕ್ಸೆಸ್’ ಎಂದು ಮೂಡಿದೊಡನೆ ಅಂಕ ಪಡೆದು ಏಳುವುದಾದರೆ ಕಲಿತದ್ದೇನು? ಈ ಸಾಧನಗಳ ಜೀವಾಳ ಇರುವುದು ಆದೇಶಗಳಲ್ಲಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ತಿಳಿವಳಿಕೆಯಲ್ಲಿ.

ಆ ತಿಳಿವಳಿಕೆ ನಮ್ಮ ಭಾಗದ ಮಕ್ಕಳಿಗೆ ಹೊಸದೇನಲ್ಲ. ಗೋಕಾಕದ ಕರದಂಟಿನಿಂದಲೇ ನಾನು ಪಾಠ ಆರಂಭಿಸುತ್ತೇನೆ. ಕರದಂಟಿಗೆ ಕರಿದ ಅಂಟು ಬೇಕು, ತುರಿದ ಒಣಕೊಬ್ಬರಿ ಬೇಕು, ಬೆಲ್ಲದ ಪಾಕ ಬೇಕು. ಪಾಕಕ್ಕೆ ಬೆಲ್ಲ ಬೇಕು. ಬೆಲ್ಲ ಬದಲಾದರೆ ಪಾಕವನ್ನು ಹೊಸದಾಗಿ ಕಾಯಿಸಿ ಕರದಂಟು ಮತ್ತೆ ಕಟ್ಟಬೇಕು; ತೆಗೆದಿಟ್ಟ ಕರಿದ ಅಂಟು ಇದ್ದರೆ ಮತ್ತೆ ಕರಿಯುವ ಅಗತ್ಯವಿಲ್ಲ. ‘ಮೇಕ್’ ಮಾಡುವುದು ಇಷ್ಟನ್ನೇ. ಕಡತಗಳು ಕೊನೆಯದಾಗಿ ಬದಲಾದ ವೇಳೆಯನ್ನು ಹೋಲಿಸಿ, ಮೂಲಕ್ಕಿಂತ ಹಳತಾದುದನ್ನು ಮಾತ್ರ ಮತ್ತೆ ಸಿದ್ಧಪಡಿಸುತ್ತದೆ. ಇಷ್ಟು ಕನ್ನಡದಲ್ಲಿ ಹೇಳಿದ ಮೇಲೆ, ಮೂರು ಕಡತಗಳ ಚಿಕ್ಕ ಪ್ರೋಗ್ರಾಮಿಗೆ ವಿದ್ಯಾರ್ಥಿಗಳು ತಾವೇ ನಿಯಮ ಬರೆಯುತ್ತಾರೆ. ಮೇವನ್ ಅನಂತರ ಬಂದರೆ ಸಾಕು.

ದೋಷಸೂಚನೆಗಳನ್ನು ಓದುವುದನ್ನೂ ಕಲಿಸಬೇಕು. ‘ಮೇಕ್’ನಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು, ಅದರ ಬದಲು ಸ್ಪೇಸ್ ಒತ್ತಿದರೆ ‘ಮಿಸಿಂಗ್ ಸೆಪರೇಟರ್’ ಎಂದು ಅದು ನಿಂತುಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ. ಇದು ತೊಡಕೆಂದು ಅರಿವಾಗುವ ಹೊತ್ತಿಗೆ ಹತ್ತಾರು ಜನ ಬಳಸತೊಡಗಿದ್ದರಿಂದ ಫೆಲ್ಡ್‌ಮನ್ ಅದನ್ನು ಬದಲಿಸಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇಂಥ ಇಂಗ್ಲಿಷ್ ಸಾಲು ಕಂಡೊಡನೆ ತಾನೇ ದಡ್ಡನೆಂದು ಭಾವಿಸಿ ಪಕ್ಕದವನದನ್ನು ನಕಲು ಮಾಡುತ್ತಾನೆ. ಸೂಚನೆಯಲ್ಲಿರುವ ಕಡತದ ಹೆಸರು, ಸಾಲಿನ ಸಂಖ್ಯೆಯನ್ನು ಗುರುತಿಸಿ, ಮೊದಲ ದೋಷವನ್ನು ಮೊದಲು ಸರಿಪಡಿಸುವುದನ್ನು ತೋರಿಸಿಕೊಟ್ಟರೆ ಆ ಕೀಳರಿಮೆ ತಾನಾಗಿ ಕರಗುತ್ತದೆ.

ಇನ್ನೊಂದು ಅಡಚಣೆ ಇಂಟರ್‌ನೆಟ್‌ನದು. ಮೇವನ್ ತನಗೆ ಬೇಕಾದ ಲೈಬ್ರರಿಗಳನ್ನು ಮೊದಲ ಸಲ ದೂರದ ಕೇಂದ್ರ ಭಂಡಾರದಿಂದ ತರಿಸಿಕೊಂಡು ಗಣಕದಲ್ಲಿ ಕೂಡಿಡುತ್ತದೆ. ಆ ಹೊತ್ತಿಗೆ ಸಂಪರ್ಕ ಕಡಿದರೆ, ಬರೆದದ್ದು ಸರಿಯಿದ್ದರೂ ಬಿಲ್ಡ್ ವಿಫಲ. ಹಳ್ಳಿಯ ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವವರಿಗೆ ಇದು ದೊಡ್ಡ ಹಿನ್ನಡೆ. ಪರಿಹಾರವೂ ಉಂಟು. ಕಾಲೇಜಿನ ಸರ್ವರ್‌ನಲ್ಲಿ ಅಗತ್ಯ ಲೈಬ್ರರಿಗಳ ಪ್ರತಿ ಇರಿಸಿಕೊಂಡರೆ ಎಲ್ಲ ಗಣಕಗಳೂ ಅಲ್ಲಿಂದಲೇ ಪಡೆಯಬಹುದು. ಅದನ್ನೇ ಪೆನ್‌ಡ್ರೈವ್‌ನಲ್ಲಿ ಮನೆಗೊಯ್ದು ಆಫ್‌ಲೈನ್ ವಿಧಾನದಲ್ಲಿ ಕೆಲಸ ಮಾಡಬಹುದು. ವಿದ್ಯುತ್ತನ್ನು ಹಳ್ಳಿಹಳ್ಳಿಗೆ ಹಂಚಲು 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ಹುಕ್ಕೇರಿ ತಾಲ್ಲೂಕಿಗೆ ಇಂಥ ವ್ಯವಸ್ಥೆಯ ಮಹತ್ವವನ್ನು ವಿವರಿಸಬೇಕಿಲ್ಲ.

ಇದಕ್ಕೆಲ್ಲ ದೊಡ್ಡ ಅನುದಾನ ಬೇಕಿಲ್ಲ. ಒಂದು ಸರ್ವರ್, ಕನ್ನಡದಲ್ಲಿ ಹತ್ತು ಪುಟಗಳ ಕಿರುಹೊತ್ತಗೆ, ಆದೇಶಗಳನ್ನಷ್ಟೇ ಅಲ್ಲದೆ ಅವುಗಳ ಕಾರಣವನ್ನೂ ಕೇಳುವ ಮೌಖಿಕ ಪರೀಕ್ಷೆ ಸಾಕು. ಸಾಲ ಮಾಡಿ ಮಕ್ಕಳನ್ನು ಓದಿಸುತ್ತಿರುವ ರೈತ ಕುಟುಂಬಗಳಿಗೆ ಪದವಿ ಪ್ರಮಾಣಪತ್ರವೊಂದೇ ನೆರವಾಗದು. ಕೆಲಸ ಬಲ್ಲ ಮಗ ಅಥವಾ ಮಗಳು ನೆರವಾಗಬೇಕು. ಮುಂದಿನ ಸೆಮಿಸ್ಟರ್ ಆರಂಭವಾಗುವ ಮುನ್ನವೇ ಕಾಲೇಜುಗಳು ಈ ದಿಸೆಯಲ್ಲಿ ಹೆಜ್ಜೆ ಇಡಲಿ.