ಕೌದಿಗೆ ಫ್ಲಾನೆಲ್ ಅಸ್ತರು

ಕೌದಿ ಹೊಲಿಯುವುದನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹಳೆಯ ಸೀರೆಯ ಬದಲು ಹೊಸ ಫ್ಲಾನೆಲ್ ಬಟ್ಟೆಯನ್ನು ಅಸ್ತರಾಗಿ ಹಾಕಬಯಸುವವರು ಎರಡು ಸಂಗತಿ ತಿಳಿದಿರಬೇಕು.

ಹತ್ತಿಯ ಫ್ಲಾನೆಲ್ ಮೇಲೆ ಎಬ್ಬಿಸಿದ ನವಿರು ಎಳೆಗಳು ಗಾಳಿಯನ್ನು ಹಿಡಿದಿಡುತ್ತವೆ, ಬೆಚ್ಚಗಿರುವುದು ಅದರಿಂದಲೇ. ಆ ಮಗ್ಗುಲು ಮೈಗೆ ತಾಗುವಂತೆ ಹೊರಕ್ಕಿರಲಿ.

ಹೊಸ ಫ್ಲಾನೆಲ್ ಮೊದಲ ಒಗೆತಕ್ಕೇ ಕುಗ್ಗುತ್ತದೆ. 2 ಮೀಟರಿನಲ್ಲಿ 10 ಸೆಂಟಿಮೀಟರಿನಷ್ಟು ಕಡಿಮೆಯಾಗುವುದೂ ಉಂಟು. ಮೇಲಿನ ಹಳೆಯ ಸೀರೆಗಳಾದರೋ ಎಷ್ಟೋ ಒಗೆತ ಕಂಡು ಕುಗ್ಗಿ ಮುಗಿದಿರುತ್ತವೆ. ಒಗೆಯದೆ ಹೊಲಿದರೆ ಅಸ್ತರು ಎಳೆದು ಕೌದಿ ಮುದುಡುತ್ತದೆ, ತಿಂಗಳುಗಟ್ಟಲೆ ಕುಳಿತು ಹಾಕಿದ ಹೊಲಿಗೆ ಹರಿಯುತ್ತದೆ. ಆದ್ದರಿಂದ ಬಿಸಿನೀರಿನಲ್ಲಿ ಎರಡು ಸಲ ಒಗೆದು ಒಣಗಿಸಿ, ಆಮೇಲೆ ಅಳತೆ ಹಾಕಿರಿ. ಅಂಗಡಿಯವರು ಕುಗ್ಗುವುದಿಲ್ಲವೆಂದು ಆಣೆ ಇಟ್ಟರೂ ಒಗೆಯಿರಿ. ಬಟ್ಟೆ ದಪ್ಪ; ಸೂಜಿ ಇಳಿಯದಿದ್ದರೆ ಒಳಗಿನ ಒಂದು ಪದರ ಬಿಡಿರಿ.

ಇನ್ನೊಂದು ಸಂಗತಿ ಬೆಂಕಿಯದು. ಆ ನವಿರು ಎಳೆಗಳಿಗೆ ಕಿಡಿ ತಾಗಿದರೆ ಉರಿ ಬಟ್ಟೆಯ ಮೇಲೆಲ್ಲ ಬೇಗನೆ ಹರಿದಾಡುತ್ತದೆ. ಒಲೆಯ ಮುಂದೆ ಮಲಗುವ ಮುದುಕರಿಗೂ, ಬಾಣಂತಿಯ ಅಗ್ಗಿಷ್ಟಿಕೆಯ ಬಳಿಯ ಕೂಸಿಗೂ ಈ ಕೌದಿ ಬೇಡ. ಅವರಿಗೆ ನುಣುಪಾದ ಹತ್ತಿ ಸೀರೆಯ ಅಸ್ತರೇ ಲೇಸು. ಪಾಲಿಯೆಸ್ಟರ್ ಸೀರೆಯೂ ಬೇಡ, ಅದು ಕರಗಿ ಮೈಗೆ ಅಂಟುತ್ತದೆ.